ಪೊಲೀಸ್ ವರದಿ ‘ಗೌಪ್ಯ’ ಎಂದಾದರೆ ಮೇಲ್ಮನವಿಯಲ್ಲಿ ನಾವು ಉತ್ತರ ಕೊಡಬೇಕಾದುದು ಯಾವುದಕ್ಕೆ?

ಅಡಿಕೆತೋಟ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಭಾಗ. ತಂದೆಯವರ ಹೆಸರಿನಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಒಂಟಿ ನಳಿಗೆಯ ಕೋವಿಯೊಂದಿದೆ. ಅದರ ಪರವಾನಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾವ ತಕರಾರೂ ಇಲ್ಲದೆ ನವೀಕರಣವಾಗುತ್ತ ಬಂದಿತ್ತು. ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ನಮ್ಮ ಕಡೆಯ ವಾಡಿಕೆ. ಆ ರಸೀದಿಗಳನ್ನೆಲ್ಲ ತಂದೆಯವರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ.

ಈ ಸಲ ನವೀಕರಣಕ್ಕೆ ಅರ್ಜಿ ಕೊಟ್ಟಾಗ ಎರಡು ಸಾಲಿನ ಹಿಂಬರಹ ಬಂತು. ಪೊಲೀಸ್ ವರದಿ ಪ್ರತಿಕೂಲವಾಗಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ ಎಂದಷ್ಟೇ ಅದರಲ್ಲಿತ್ತು. ವರದಿಯ ಪ್ರತಿ ಕೇಳಿದರೆ, ಅದು ಗೌಪ್ಯ ಸ್ವರೂಪದ್ದಾದ್ದರಿಂದ ನೀಡಲು ಅವಕಾಶವಿಲ್ಲ ಎಂದು ಇನ್ನೊಂದು ಹಿಂಬರಹ ಕೊಟ್ಟರು. ಮೇಲ್ಮನವಿ ಸಲ್ಲಿಸಿದೆವು. ವಿಚಾರಣೆಯ ದಿನ ತಂದೆಯವರ ಜೊತೆ ನಾನೂ ಹೋಗಿದ್ದೆ. ಅಧಿಕಾರಿಗಳು ಕಡತ ಬಿಡಿಸಿ, ಹಸಿರು ಟ್ಯಾಗ್ ಹಾಕಿದ್ದ ಎರಡು ಹಾಳೆಗಳನ್ನು ಮನಸ್ಸಿನಲ್ಲೇ ಓದಿಕೊಂಡು, ತಲೆಯೆತ್ತಿ, “ಇದಕ್ಕೆ ನೀವೇನು ಹೇಳುತ್ತೀರಿ?” ಎಂದು ಕೇಳಿದರು. ತಂದೆಯವರು “ಯಾವುದಕ್ಕೆ ಸ್ವಾಮಿ?” ಎಂದರು. ಅವರಿಗೆ ಎಪ್ಪತ್ತೆರಡು ವರ್ಷ. ಉದ್ಧಟತನದಿಂದ ಆಡಿದ ಮಾತಲ್ಲ ಅದು, ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಅಧಿಕಾರಿಗಳು ಒಳ್ಳೆಯವರೇ, ಅವರಿಗೂ ಮುಜುಗರವಾದಂತೆ ಕಂಡಿತು. ವಿಚಾರಣೆಯನ್ನು ಮುಂದಕ್ಕೆ ಹಾಕಿದರು.

ನನ್ನ ಪ್ರಶ್ನೆ ಇಷ್ಟೆ. ಯಾವ ವರದಿಯನ್ನು ಆಧರಿಸಿ ತೀರ್ಮಾನ ಕೈಗೊಂಡಿದ್ದಾರೋ ಅದೇ ವರದಿಯನ್ನು ಮುಚ್ಚಿಟ್ಟುಕೊಂಡು ಮೇಲ್ಮನವಿಯ ವಿಚಾರಣೆ ನಡೆಸುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ?

ಕಟಕಟೆ (ವಕೀಲೆ, ಧಾರವಾಡ)

ನೇರವಾಗಿ ಕಾಯಿದೆಯಿಂದಲೇ ಪ್ರಾರಂಭಿಸುತ್ತೇನೆ. 1959ರ ಶಸ್ತ್ರಾಸ್ತ್ರ ಅಧಿನಿಯಮದ 13ನೇ ಪ್ರಕರಣದಂತೆ ಪರವಾನಗಿ ಪ್ರಾಧಿಕಾರವು ಸಮೀಪದ ಠಾಣಾಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು. 14ನೇ ಪ್ರಕರಣದ 3ನೇ ಉಪಪ್ರಕರಣದಂತೆ, ತಿರಸ್ಕರಿಸುವುದಾದರೆ ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಅರ್ಜಿದಾರರು ಕೇಳಿದರೆ ಆ ಕಾರಣಗಳ ಸಂಕ್ಷಿಪ್ತ ವಿವರಣೆಯನ್ನು ಕೊಡಬೇಕು. ಹಾಗೆ ಕೊಡುವುದು ಸಾರ್ವಜನಿಕ ಹಿತಾಸಕ್ತಿಗೆ ತಕ್ಕುದಲ್ಲ ಎಂದು ಪ್ರಾಧಿಕಾರವು ಅಭಿಪ್ರಾಯಪಟ್ಟ ಸಂದರ್ಭದಲ್ಲಿ ಮಾತ್ರ ಕೊಡದೆ ಇರಬಹುದು. ನವೀಕರಣಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂದು 15ನೇ ಪ್ರಕರಣ ಹೇಳುತ್ತದೆ. 18ನೇ ಪ್ರಕರಣದಂತೆ ಮೇಲ್ಮನವಿದಾರರಿಗೆ ತಮ್ಮ ಅಹವಾಲು ಹೇಳಿಕೊಳ್ಳಲು ಸಮಂಜಸವಾದ ಅವಕಾಶ ಕೊಡದೆ ಮೇಲ್ಮನವಿಯನ್ನು ವಿಲೇವಾರಿ ಮಾಡುವಂತಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಾರಣವನ್ನು ದಾಖಲಿಸುವುದು ಒಂದು, ಅದನ್ನು ತಿಳಿಸುವುದು ಇನ್ನೊಂದು. ಮೊದಲನೆಯದಕ್ಕೆ ವಿನಾಯಿತಿಯೇ ಇಲ್ಲ. ಎರಡನೆಯದಕ್ಕೆ ವಿನಾಯಿತಿ ಇದೆಯಾದರೂ, ನಿಮ್ಮ ತಂದೆಯವರ ಈ ಪ್ರಕರಣದಲ್ಲಿ ತಿಳಿಸಿದರೆ ಸಾರ್ವಜನಿಕರಿಗೆ ಹಾನಿಯಾಗುತ್ತದೆ ಎಂದು ಪ್ರಾಧಿಕಾರವು ತಾನೇ ಯೋಚಿಸಿ ತೀರ್ಮಾನಿಸಿರಬೇಕು. ‘ಗೌಪ್ಯ’ ಎಂಬ ಮೊಹರು ಆ ತೀರ್ಮಾನದ ಜಾಗದಲ್ಲಿ ನಿಲ್ಲಲಾರದು. ಪೊಲೀಸರು ಹಾಕಿದ ಮೊಹರನ್ನು ಪರವಾನಗಿ ಪ್ರಾಧಿಕಾರವಾದ ಜಿಲ್ಲಾ ದಂಡಾಧಿಕಾರಿಗಳು ಹಾಗೆಯೇ ಒಪ್ಪಿಕೊಂಡಿದ್ದರೆ, ಕಾನೂನು ಅವರಿಗೆ ಒಪ್ಪಿಸಿದ ವಿವೇಚನೆಯನ್ನು ಅವರು ಬಳಸಲಿಲ್ಲವೆಂದೇ ಅರ್ಥ.

ಇದಕ್ಕೆ ಹಳೆಯದಾದರೂ ಇಂದಿಗೂ ಸಲ್ಲುವ ಉದಾಹರಣೆಯೆಂದರೆ ಮೇನಕಾ ಗಾಂಧಿ ಪ್ರಕರಣ. 1977ರ ಜುಲೈನಲ್ಲಿ ಅವರ ಪಾಸ್‌ಪೋರ್ಟನ್ನು ವಶಕ್ಕೆ ಒಪ್ಪಿಸುವಂತೆ ಆದೇಶವಾಯಿತು. ಕಾರಣ ಕೇಳಿದಾಗ, ಸಾರ್ವಜನಿಕ ಹಿತದೃಷ್ಟಿಯಿಂದ ತಿಳಿಸಲಾಗದು ಎಂಬ ಉತ್ತರ ಬಂತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಸರ್ಕಾರ ಅದೇ ಕಾರಣವನ್ನು ಪ್ರಮಾಣಪತ್ರದಲ್ಲಿ ತಾನಾಗಿಯೇ ಬರೆದುಕೊಟ್ಟಿತು: ವಿಚಾರಣಾ ಆಯೋಗವೊಂದರ ಮುಂದೆ ಅವರ ಹಾಜರಿ ಬೇಕಾಗಬಹುದು ಎಂಬುದೇ ಆ ಕಾರಣ. ಅಷ್ಟು ದಿನ ಮುಚ್ಚಿಟ್ಟದ್ದು ಇದನ್ನೇ. 1978ರ ಜನವರಿ 25ರ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಈ ಸಂಗತಿಯನ್ನು ಎತ್ತಿ ಆಡಿದ್ದಾರೆ. ನನ್ನ ಅನುಭವದಲ್ಲಿಯೂ, ಗೌಪ್ಯವೆಂದು ಹಿಡಿದಿಟ್ಟ ವರದಿಗಳು ಕೊನೆಗೆ ಹೊರಬಂದಾಗ ಹೆಚ್ಚಿನವು ಹೀಗೆಯೇ ಸಾಧಾರಣವಾಗಿರುತ್ತವೆ.

ಹಳೆಯ ಠಾಣಾಧಿಕಾರಿ

ಇಪ್ಪತ್ತೊಂಬತ್ತು ವರ್ಷ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ಇಂತಹ ವರದಿಗಳನ್ನು ನೂರಾರು ಬರೆದಿದ್ದೇನೆ. ವಕೀಲರ ಮಾತಿಗೆ ನನ್ನ ವಿರೋಧವಿಲ್ಲ. ಆದರೆ ಇನ್ನೊಂದು ಮಗ್ಗುಲನ್ನೂ ಇಲ್ಲಿ ಓದುವವರು ತಿಳಿಯಬೇಕು.

ಒಬ್ಬರಿಗೆ ಕೋವಿ ಕೊಡಬಹುದೇ ಎಂದು ಊರಿನಲ್ಲಿ ವಿಚಾರಿಸಲು ಹೋದಾಗ, ನಿಜವಾಗಿ ಗೊತ್ತಿರುವವರು ಅವರ ನೆರೆಮನೆಯವರು, ದಾಯಾದಿಗಳು, ಅವರ ತೋಟಕ್ಕೆ ಕೆಲಸಕ್ಕೆ ಹೋಗುವವರು. ಒಮ್ಮೆ ಒಬ್ಬ ಹೆಣ್ಣುಮಗಳು ರಾತ್ರಿ ಎಂಟು ಗಂಟೆಯ ಮೇಲೆ, ಸೆರಗಿನಿಂದ ಮುಖ ಮರೆಸಿಕೊಂಡು ಠಾಣೆಯ ಹಿಂಬಾಗಿಲಿಗೆ ಬಂದರು. ತನ್ನ ಗಂಡ ಕುಡಿದ ದಿನ ಕೋವಿಯನ್ನು ಗೋಡೆಯಿಂದ ಇಳಿಸಿ ಮಕ್ಕಳೆದುರು ಹಿಡಿಯುತ್ತಾನೆ, ದಯವಿಟ್ಟು ಅದನ್ನು ಮನೆಯಿಂದ ತೆಗೆಸಿ, ನಾನು ಹೇಳಿದೆನೆಂದು ಮಾತ್ರ ಗೊತ್ತಾಗಬಾರದು ಎಂದು ಕೈಮುಗಿದರು. ನಾನು ವರದಿಯಲ್ಲಿ ಆಕೆಯ ಹೆಸರು ಬರೆಯಲಿಲ್ಲ. ಆದರೂ ‘ಮದ್ಯಪಾನ ಮಾಡಿದಾಗ ಮನೆಯೊಳಗೆ ಆಯುಧ ತೋರಿಸಿ ಬೆದರಿಸುತ್ತಾರೆ’ ಎಂಬ ಒಂದೇ ಸಾಲನ್ನು ಆ ಮನುಷ್ಯನ ಕೈಗೆ ಕೊಟ್ಟರೆ, ಹೇಳಿದವರು ಯಾರೆಂದು ತಿಳಿಯಲು ಆತನಿಗೆ ಹೆಸರು ಬೇಕೇ? ಮನೆಯೊಳಗಿನ ಮಾತನ್ನು ಮನೆಯವರಲ್ಲದೆ ಬೇರೆ ಯಾರು ಹೇಳಬಲ್ಲರು?

ಹೆಸರನ್ನು ಅಳಿಸಿ ಉಳಿದುದನ್ನು ಕೊಟ್ಟರಾಯಿತು ಎಂದು ಹೇಳುವವರಿಗೆ ನಾನು ಈ ಸಂಗತಿಯನ್ನೇ ಹೇಳುತ್ತೇನೆ. ಚಿಕ್ಕ ಊರಿನಲ್ಲಿ ಮಾತೇ ಹೆಸರನ್ನು ಹೇಳಿಬಿಡುತ್ತದೆ.

ಕಟಕಟೆ

ಸರ್, ತಾವು ಹೇಳಿದ್ದು ಇಡೀ ಪ್ರಶ್ನೆಯಲ್ಲಿ ಅತ್ಯಂತ ಕಷ್ಟದ ಭಾಗ, ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾನೂನೂ ಅದನ್ನು ಬಲ್ಲದು. ಅಪರಾಧ ನಡೆದ ಬಗ್ಗೆ ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂಬ ನಿಯಮ ಹಳೆಯ ಸಾಕ್ಷ್ಯ ಕಾಯಿದೆಯ 125ನೇ ಪ್ರಕರಣದಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಪ್ರಕರಣದಲ್ಲಿಯೂ ಅದು ಮುಂದುವರಿದಿದೆ. ಆ ನಿಯಮವು ಮಾಹಿತಿ ಬಂದ ಮೂಲವನ್ನು ಕಾಪಾಡುತ್ತದೆ. ಅಧಿಕಾರಿಗೆ ವಿಶ್ವಾಸದಲ್ಲಿ ತಿಳಿಸಿದ ಪತ್ರವ್ಯವಹಾರಕ್ಕೆ ಪ್ರತ್ಯೇಕ ರಕ್ಷಣೆಯಿದೆ, ಹಿಂದೆ 124ರಲ್ಲಿ, ಈಗ 130ರಲ್ಲಿ. ಅಲ್ಲಿಯೂ ಬಹಿರಂಗದಿಂದ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುತ್ತದೆ ಎಂದು ಸಂಬಂಧಪಟ್ಟ ಅಧಿಕಾರಿಯೇ ಭಾವಿಸಬೇಕು.

ತಮ್ಮ ಉದಾಹರಣೆಯ ಆ ತಾಯಿಯ ಸಾಲನ್ನು ಕೊಡಬೇಡಿ ಎಂದೇ ನಾನೂ ಹೇಳುತ್ತೇನೆ. ಆದರೆ ಅದೇ ವರದಿಯಲ್ಲಿ, ಇಷ್ಟನೇ ಇಸವಿಯಲ್ಲಿ ಇವರ ಮೇಲೆ ಇಂಥ ಮೊಕದ್ದಮೆ ದಾಖಲಾಗಿದೆ ಎಂಬ ಇನ್ನೊಂದು ಸಾಲಿದ್ದರೆ, ಅದನ್ನು ಯಾರಿಂದ ಕಾಪಾಡುತ್ತಿದ್ದೇವೆ? ಒಂದು ಸಾಲಿನ ಸಲುವಾಗಿ ಎರಡೂ ಹಾಳೆಗಳನ್ನು ಮುಚ್ಚುವುದೇ ನಮ್ಮ ಕಚೇರಿಗಳಲ್ಲಿ ನಡೆದುಬಂದಿರುವ ತಪ್ಪು.

ಶಿರಸ್ತೇದಾರ್

ಕಂದಾಯ ಇಲಾಖೆಯಲ್ಲಿದ್ದವನಾಗಿ ಒಂದು ಮಾತು. ಪೊಲೀಸ್ ಕಚೇರಿಯಿಂದ ಬರುವ ಅಭಿಪ್ರಾಯಗಳ ಮೇಲೆ ‘ಗೌಪ್ಯ’ ಎಂದು ಬರೆಯುವುದು ಬಹುಮಟ್ಟಿಗೆ ರೂಢಿ. ಅನುಕೂಲಕರ ವರದಿಗೂ ಅದೇ ಮೊಹರು, ಪ್ರತಿಕೂಲ ವರದಿಗೂ ಅದೇ. ಠಾಣೆಯಿಂದ ವೃತ್ತ ಕಚೇರಿಗೆ, ಅಲ್ಲಿಂದ ಉಪವಿಭಾಗಕ್ಕೆ, ಅಲ್ಲಿಂದ ಜಿಲ್ಲಾ ಪೊಲೀಸ್ ಕಚೇರಿಗೆ ಹೋಗುವಾಗ ಪ್ರತಿ ಹಂತದಲ್ಲೂ ಒಂದು ಮುಖಪತ್ರ ಸೇರಿಕೊಳ್ಳುತ್ತದೆ. ಕೊನೆಯ ಮುಖಪತ್ರದಲ್ಲಿ ‘ಶಿಫಾರಸು ಮಾಡಲಾಗುವುದಿಲ್ಲ’ ಎಂಬ ಒಂದೇ ವಾಕ್ಯ ಉಳಿದಿರುತ್ತದೆ. ತೀರ್ಮಾನ ಕೈಗೊಳ್ಳುವವರು ಹಲವು ಸಲ ಆ ಕೊನೆಯ ಪತ್ರವನ್ನಷ್ಟೇ ನೋಡಿರುತ್ತಾರೆ. ಆದ್ದರಿಂದ ಮೇಲ್ಮನವಿಯಲ್ಲಿ ಕೇವಲ ‘ವರದಿ’ ಎಂದು ಕೇಳಬೇಡಿ. ಠಾಣಾ ಮಟ್ಟದ ಮೂಲ ವರದಿಯನ್ನು ಮತ್ತು ಪರವಾನಗಿ ಪ್ರಾಧಿಕಾರದ ಟಿಪ್ಪಣಿ ಹಾಳೆಗಳನ್ನು (ಕಡತದಲ್ಲಿ ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆಯುವ ಹಾಳೆಗಳು) ಹೆಸರಿಸಿ ಕೇಳಿ. ಸಾರ್ವಜನಿಕ ಹಿತದ ಬಗ್ಗೆ ಯಾರಾದರೂ ನಿಜಕ್ಕೂ ಯೋಚಿಸಿದ್ದರೆ ಅದರ ಗುರುತು ಟಿಪ್ಪಣಿ ಹಾಳೆಯಲ್ಲಿ ಇರಲೇಬೇಕು.

ಕಾನೂನು ವಿದ್ಯಾರ್ಥಿನಿ

ಈ ಚರ್ಚೆಗೆ ಸುಪ್ರೀಂ ಕೋರ್ಟಿನ ಇತ್ತೀಚಿನ ತೀರ್ಪುಗಳನ್ನು ಸೇರಿಸಲು ಬಯಸುತ್ತೇನೆ.

ಮಲಯಾಳದ ಮೀಡಿಯಾ ಒನ್ ವಾಹಿನಿಯ ಪರವಾನಗಿಯನ್ನು ನವೀಕರಿಸಲು ಕೇಂದ್ರ ಸರ್ಕಾರ 2022ರ ಜನವರಿ 31ರಂದು ನಿರಾಕರಿಸಿತು. ಗೃಹ ಸಚಿವಾಲಯವು ಭದ್ರತಾ ಅನುಮೋದನೆ ಕೊಟ್ಟಿಲ್ಲ ಎಂಬುದಷ್ಟೇ ತಿಳಿಸಿದ ಕಾರಣ. ಕೇರಳ ಹೈಕೋರ್ಟಿನಲ್ಲಿ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಮುಚ್ಚಿದ ಲಕೋಟೆಯಲ್ಲಿ ಕಡತ ತರಿಸಿಕೊಂಡು ನೋಡಿ ಸರ್ಕಾರದ ಕ್ರಮವನ್ನು ಎತ್ತಿಹಿಡಿದವು. ವಾಹಿನಿಗೆ ಮಾತ್ರ ಅದರಲ್ಲಿ ಏನಿದೆಯೆಂದು ತಿಳಿಯಲೇ ಇಲ್ಲ. 2023ರ ಏಪ್ರಿಲ್ 5ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠ ಆ ತೀರ್ಪುಗಳನ್ನು ರದ್ದುಮಾಡಿತು.

ಅದರಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಅಂಶಗಳು ಹಲವು. ರಾಷ್ಟ್ರೀಯ ಭದ್ರತೆ ಎಂದು ಹೇಳಿದ ಮಾತ್ರಕ್ಕೆ ಸಹಜ ನ್ಯಾಯದ ಹಕ್ಕು, ಅಂದರೆ ತನ್ನ ವಿರುದ್ಧ ಏನಿದೆಯೆಂದು ತಿಳಿದು ಉತ್ತರಿಸುವ ಹಕ್ಕು, ಇಲ್ಲವಾಗುವುದಿಲ್ಲ. ಈ ಮಾಹಿತಿಯನ್ನು ಗೌಪ್ಯವಾಗಿಡುವ ಅಗತ್ಯ ನಿಜಕ್ಕೂ ಇದೆ ಎಂದು ಸರ್ಕಾರವೇ ತೋರಿಸಿಕೊಡಬೇಕು. ತನಿಖಾ ಸಂಸ್ಥೆಗಳ ವರದಿಗಳೆಲ್ಲವೂ ಹುಟ್ಟಿನಿಂದಲೇ ಗೌಪ್ಯ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಮುಚ್ಚಿಡುವುದು ಅನಿವಾರ್ಯವಾದರೂ, ಎದುರು ಪಕ್ಷದ ಹಕ್ಕಿಗೆ ಅತಿ ಕಡಿಮೆ ಪೆಟ್ಟು ಬೀಳುವ ದಾರಿಯನ್ನು ಹುಡುಕಬೇಕು: ಸೂಕ್ಷ್ಮವಾದ ಭಾಗವನ್ನು ಮಸಿಯಿಂದ ಮರೆಮಾಡಿ ಉಳಿದುದನ್ನು ಕೊಡುವುದು, ಅಥವಾ ಸಾರಾಂಶ ಕೊಡುವುದು. ಸರ್ಕಾರದ ಗೌಪ್ಯತೆಯ ಕೋರಿಕೆಯನ್ನು ಎದುರು ಪಕ್ಷದ ಹಿತ ಕಾಯುವ ಕಣ್ಣಿನಿಂದ ಪರಿಶೀಲಿಸಲು, ಗೌಪ್ಯತೆಗೆ ಬದ್ಧರಾದ ನ್ಯಾಯಾಲಯ ಮಿತ್ರರೊಬ್ಬರನ್ನು ನೇಮಿಸಬಹುದು ಎಂದೂ ಪೀಠ ಹೇಳಿತು.

ಅದಕ್ಕೂ ಮುಂಚೆ, 2022ರ ಫೆಬ್ರುವರಿಯಲ್ಲಿ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಸಂಬಂಧಿಸಿದ ಟಿ. ಟಕಾನೊ ಪ್ರಕರಣದಲ್ಲಿ ಇದೇ ತತ್ವವನ್ನು ಆಡಳಿತಾತ್ಮಕ ವಿಚಾರಣೆಗೆ ಅನ್ವಯಿಸಲಾಗಿತ್ತು: ತೀರ್ಮಾನಕ್ಕೆ ಪ್ರಸ್ತುತವಾದ ತನಿಖಾ ವರದಿಯನ್ನು ಆರೋಪಿತನಿಗೆ ಕೊಡಬೇಕು, ಮೂರನೆಯವರ ಮಾಹಿತಿಯಿದ್ದರೆ ಅಷ್ಟನ್ನು ಮಾತ್ರ ತಡೆಹಿಡಿಯಬಹುದು. ‘ಇದು ಇಲಾಖೆಯ ಒಳಗಿನ ದಾಖಲೆ’ ಎಂಬ ಉತ್ತರ ಸಾಲದು.

ಇದಕ್ಕೆ ವಿರುದ್ಧವಾದ ತೀರ್ಪುಗಳೂ ಇವೆಯೆಂಬುದನ್ನು ಹೇಳದಿದ್ದರೆ ಪ್ರಶ್ನೆ ಕೇಳಿದವರಿಗೆ ಅನ್ಯಾಯ ಮಾಡಿದಂತಾದೀತು. 2014ರ ಎಕ್ಸ್-ಆರ್ಮಿಮೆನ್ಸ್ ಪ್ರೊಟೆಕ್ಷನ್ ಸರ್ವಿಸಸ್ ಮತ್ತು 2019ರ ಡಿಜಿ ಕೇಬಲ್ ಪ್ರಕರಣಗಳಲ್ಲಿ ಸರ್ಕಾರದ ವಾದಕ್ಕೆ ಮನ್ನಣೆ ಸಿಕ್ಕಿತ್ತು. 2025ರ ಜುಲೈ 7ರಂದು ವಿಮಾನ ನಿಲ್ದಾಣಗಳಲ್ಲಿ ಸೇವೆ ಒದಗಿಸುತ್ತಿದ್ದ ಸೆಲೆಬಿ ಸಂಸ್ಥೆಯು ತನ್ನ ಭದ್ರತಾ ಅನುಮೋದನೆಯ ರದ್ದತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ ವಜಾ ಮಾಡಿದ್ದೂ ಮುಚ್ಚಿದ ಲಕೋಟೆಯ ಮಾಹಿತಿಯನ್ನು ನೋಡಿಯೇ. ಆದರೆ ಅವೆಲ್ಲವೂ ದೇಶದ ಭದ್ರತೆಯ ಪ್ರಶ್ನೆ ಎದ್ದ ಪ್ರಕರಣಗಳು. ಮಂಗನ ಕಾಟಕ್ಕೆ ಇಟ್ಟುಕೊಂಡ ಕೋವಿಯ ವರದಿಯನ್ನು ಆ ಸಾಲಿಗೆ ಸೇರಿಸಲು ಯಾವ ಅಧಿಕಾರಿಗೂ ಸುಲಭವಾಗದು.

ಹಳೆಯ ಠಾಣಾಧಿಕಾರಿ

ತಂಗಿ, ವಿವರವಾಗಿ ಬರೆದಿದ್ದೀರಿ, ಸಂತೋಷ. ಗಡಿಪಾರಿನ ವಿಷಯವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗನ್ನಿಸುತ್ತದೆ. 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 55ನೇ ಪ್ರಕರಣದಲ್ಲಿ ಗಡಿಪಾರು ಆದೇಶ ಮಾಡುವ ಮೊದಲು, ಸಾಕ್ಷಿಗಳು ತಮ್ಮ ಜೀವ ಮತ್ತು ಆಸ್ತಿಯ ಭಯದಿಂದ ಬಹಿರಂಗವಾಗಿ ಹೇಳಲು ಮುಂದೆ ಬರುತ್ತಿಲ್ಲ ಎಂಬುದನ್ನು ಅಧಿಕಾರಿ ಮನಗಾಣಬೇಕು. ಹಾಗಿದ್ದೂ 58ನೇ ಪ್ರಕರಣದಂತೆ, ಆ ವ್ಯಕ್ತಿಗೆ ತನ್ನ ಮೇಲಿರುವ ಮುಖ್ಯ ಆರೋಪಗಳ ಸಾಮಾನ್ಯ ಸ್ವರೂಪವನ್ನು ಬರವಣಿಗೆಯಲ್ಲಿ ತಿಳಿಸಿ, ವಿವರಣೆ ಕೊಡಲು ಅವಕಾಶ ಕೊಡಬೇಕು. ಊರನ್ನೇ ಹೆದರಿಸಿಟ್ಟಿದ್ದಾನೆ ಎಂದು ನಾವು ಹೇಳುವ ಮನುಷ್ಯನಿಗೂ ಕಾನೂನು ಇಷ್ಟನ್ನು ಕೊಡುತ್ತದೆ.

ಸೇವೆಯಲ್ಲಿದ್ದಾಗ ಆ ನೋಟಿಸುಗಳನ್ನು ತಯಾರಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ದಿನಾಂಕ, ಸ್ಥಳ ಬರೆದರೆ ಸಾಕ್ಷಿ ಯಾರೆಂದು ಬಯಲಾಗುತ್ತದೆ. ಬರೆಯದಿದ್ದರೆ ಉತ್ತರ ಕೊಡಲು ಏನೂ ಉಳಿಯುವುದಿಲ್ಲ. ‘ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ, ಈ ಠಾಣೆಯ ಸರಹದ್ದಿನ ಸಂತೆಯಲ್ಲಿ ವ್ಯಾಪಾರಿಗಳಿಂದ ಬೆದರಿಸಿ ಹಣ ಪಡೆಯುತ್ತಿದ್ದೀರಿ’ ಎಂಬಷ್ಟರ ಮಟ್ಟಿಗೆ ಬರೆಯುತ್ತಿದ್ದೆವು. ಅದಕ್ಕೆ, ಆ ತಿಂಗಳುಗಳಲ್ಲಿ ನಾನು ಊರಿನಲ್ಲೇ ಇರಲಿಲ್ಲ ಎಂದು ದಾಖಲೆ ಸಮೇತ ಉತ್ತರ ಕೊಟ್ಟವರೂ ಇದ್ದರು. ಒಂದು ಸಲ ಹಾಗೆ ಉತ್ತರ ಬಂದ ಮೇಲೆ ಪುನಃ ವಿಚಾರಿಸಿದಾಗ, ಒಂದೇ ಹೆಸರಿನ ಇಬ್ಬರಲ್ಲಿ ನಾವು ತಪ್ಪು ವ್ಯಕ್ತಿಗೆ ನೋಟಿಸು ಕೊಟ್ಟಿದ್ದು ಗೊತ್ತಾಯಿತು. ಅಷ್ಟೂ ತಿಳಿಸದಿದ್ದರೆ ಆ ತಪ್ಪು ಹಾಗೆಯೇ ಉಳಿದುಬಿಡುತ್ತಿತ್ತು. ಆ ಕಾಗದಕ್ಕೆ ಸಹಿ ಮಾಡಿದವನು ನಾನೇ ಆಗಿದ್ದರಿಂದ ಇದನ್ನು ಇಂದಿಗೂ ಮರೆತಿಲ್ಲ.

ಅಡಿಕೆತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಶಿರಸ್ತೇದಾರರು ಹೇಳಿದಂತೆ ಕಾಗದಗಳನ್ನು ಹೆಸರಿಸಿ ಅರ್ಜಿ ಬರೆಯುತ್ತಿದ್ದೇನೆ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಸಿಗಬಹುದೇ, ಅಥವಾ ಮೇಲ್ಮನವಿಯಲ್ಲೇ ಕೇಳಬೇಕೇ?

ಕಟಕಟೆ

ಎರಡೂ ಕಡೆ ಕೇಳಿ. 2005ರ ಮಾಹಿತಿ ಹಕ್ಕು ಅಧಿನಿಯಮದ 8(1)ನೇ ಪ್ರಕರಣದ ‘ಜಿ’ ಖಂಡದಲ್ಲಿ, ಯಾರದೇ ಜೀವಕ್ಕೆ ಅಪಾಯ ತರುವ ಅಥವಾ ಕಾನೂನು ಜಾರಿಗಾಗಿ ವಿಶ್ವಾಸದಲ್ಲಿ ಮಾಹಿತಿ ಕೊಟ್ಟವರ ಗುರುತು ಬಿಟ್ಟುಕೊಡುವ ಭಾಗಕ್ಕೆ ವಿನಾಯಿತಿ ಇದೆ. ‘ಎಚ್’ ಖಂಡದ ವಿನಾಯಿತಿ ತನಿಖೆಗೆ ಅಡ್ಡಿಯಾಗುವ ಮಾಹಿತಿಗೆ ಮಾತ್ರ. ತನಿಖೆ ನಡೆಯುತ್ತಿದೆ ಎಂದಷ್ಟೇ ಹೇಳಿದರೆ ಸಾಲದು, ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಮಗೆ ಮುಖ್ಯವಾದುದು 10ನೇ ಪ್ರಕರಣ: ವಿನಾಯಿತಿಯುಳ್ಳ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಬಹುದು. ‘10ನೇ ಪ್ರಕರಣದಂತೆ ಬೇರ್ಪಡಿಸಿಯಾದರೂ ಕೊಡಿ’ ಎಂದು ಅರ್ಜಿಯಲ್ಲೇ ಬರೆಯಿರಿ. ನಿರಾಕರಣೆ ಸರಿಯೆಂದು ರುಜುವಾತುಪಡಿಸುವ ಹೊಣೆ ಮಾಹಿತಿ ಅಧಿಕಾರಿಯ ಮೇಲಿದೆ ಎಂಬುದು 19(5)ರಲ್ಲಿದೆ.

ಮೇಲ್ಮನವಿಯಲ್ಲಿ ಸಲ್ಲಿಸುವ ಅರ್ಜಿಯಲ್ಲಿ ಮೂರು ಕೋರಿಕೆಗಳಿರಲಿ, ಒಂದು ಆಗದಿದ್ದರೆ ಇನ್ನೊಂದು ಎಂಬಂತೆ. ಪೂರ್ಣ ವರದಿ, ಅದಾಗದಿದ್ದರೆ ಮಾಹಿತಿದಾರರ ಗುರುತು ಮರೆಮಾಡಿದ ಪ್ರತಿ, ಅದೂ ಆಗದಿದ್ದರೆ ಆರೋಪದ ಸಾರಾಂಶ. ಸಾರಾಂಶವನ್ನೂ ಕೊಡದಿದ್ದರೆ, ಏಕೆ ಕೊಡುತ್ತಿಲ್ಲವೆಂದು ಆದೇಶದಲ್ಲಿ ದಾಖಲಿಸುವಂತೆ ಕೇಳಿ. ನಾಳೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಾಗಿ ಬಂದರೆ ಆ ದಾಖಲೆಯೇ ನಿಮಗೆ ಆಧಾರ.

ಇನ್ನೊಂದು ವಿಷಯ. ಅಧಿಕಾರಿಗಳು ನ್ಯಾಯಾಲಯದಂತೆ ತಾವೇ ಹಾಳೆ ನೋಡಿ ತೀರ್ಮಾನಿಸುತ್ತೇವೆ ಎಂದರೆ ವಿರೋಧಿಸಬೇಡಿ. ಇಂದಿರಾ ಗಾಂಧಿಯವರ ರಾಯಬರೇಲಿ ಚುನಾವಣೆಯನ್ನು ಪ್ರಶ್ನಿಸಿದ ರಾಜ್ ನಾರಾಯಣ್ ಪ್ರಕರಣದಲ್ಲಿ ಉತ್ತರ ಪ್ರದೇಶ ಪೊಲೀಸರ ಬಳಿಯಿದ್ದ, ಪ್ರಧಾನಿಯವರ ಭದ್ರತೆಗೆ ಸಂಬಂಧಿಸಿದ ‘ನೀಲಿ ಪುಸ್ತಕ’ದ ಬಗ್ಗೆ ಇದೇ ವಾದ ನಡೆಯಿತು. 1975ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ನ್ಯಾಯಾಲಯವು ಬೇಕಾದರೆ ದಾಖಲೆಯನ್ನು ತಾನೇ ಪರಿಶೀಲಿಸಿ, ಹಾನಿಯಿಲ್ಲದ ಭಾಗವನ್ನು ಬೇರ್ಪಡಿಸಿ ಬಹಿರಂಗಪಡಿಸಬಹುದು ಎಂದಿತು. ಆದರೆ ನೋಡುವುದು ‘ಯಾವ ಸಾಲು ಕೊಡಬಹುದು’ ಎಂದು ತೀರ್ಮಾನಿಸುವುದಕ್ಕಾಗಿ. ನೋಡಿ, ಒಪ್ಪಿ, ಮಡಿಚಿಟ್ಟು ಆದೇಶ ಬರೆಯುವುದಕ್ಕಲ್ಲ.

ಅಡಿಕೆತೋಟ

ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಮೇಲ್ಮನವಿ ಅಧಿಕಾರಿಗಳು ಎರಡನೆಯ ಕೋರಿಕೆಯನ್ನು ಒಪ್ಪಿದರು. ಮೊನ್ನೆ ಠಾಣಾ ವರದಿಯ ನಕಲು ಕೈಗೆ ಬಂತು. ಮೊದಲ ಪ್ಯಾರಾದಲ್ಲಿ, ತಂದೆಯವರ ಮೇಲೆ ಗಡಿ ತಕರಾರಿನ ಗಲಾಟೆಯ ಮೊಕದ್ದಮೆಯೊಂದು ‘ಬಾಕಿ ಇರುತ್ತದೆ’ ಎಂದಿದೆ. ಆ ಮೊಕದ್ದಮೆಯಲ್ಲಿ ಪೊಲೀಸರೇ ಬಿ ರಿಪೋರ್ಟ್ (ಮೊಕದ್ದಮೆ ಮುಂದುವರಿಸಲು ಆಧಾರವಿಲ್ಲವೆಂಬ ಮುಕ್ತಾಯದ ವರದಿ) ಸಲ್ಲಿಸಿ, ನ್ಯಾಯಾಲಯ ಅದನ್ನು ಅಂಗೀಕರಿಸಿ ಹನ್ನೊಂದು ವರ್ಷಗಳಾದವು. ಅದರ ದೃಢೀಕೃತ ನಕಲು ಅದೇ ಬಿಸ್ಕತ್ತಿನ ಡಬ್ಬಿಯಲ್ಲಿ, ಠೇವಣಿ ರಸೀದಿಗಳ ಅಡಿಯಲ್ಲಿತ್ತು. ಈ ಒಂದು ಸಾಲನ್ನು ಮೊದಲ ದಿನವೇ ಓದಿ ಹೇಳಿದ್ದರೆ ತಂದೆಯವರು ಅಲ್ಲೇ ಉತ್ತರ ಕೊಡುತ್ತಿದ್ದರು.

ಎರಡನೆಯ ಪ್ಯಾರಾದ ಮೇಲೆ ಕಪ್ಪು ಮಸಿ ಬಳಿದಿದ್ದಾರೆ, ನಾಲ್ಕು ಸಾಲು. ಅದರಲ್ಲಿ ಯಾರೋ ಏನೋ ಹೇಳಿರಬಹುದು. ಹಳೆಯ ಠಾಣಾಧಿಕಾರಿಗಳ ಮಾತು ಓದಿದ ಮೇಲೆ ಆ ಸಾಲುಗಳಿಗಾಗಿ ಹಟ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ತಂದೆಯವರಿಗೆ ಮಾತ್ರ ರಾತ್ರಿ ನಿದ್ದೆಯಿಲ್ಲ, ಊರಿನಲ್ಲಿ ಒಬ್ಬೊಬ್ಬರ ಮುಖವನ್ನೂ ನೆನೆದು ಇವರಿರಬಹುದೇ ಎಂದು ಕೇಳುತ್ತಾರೆ. ಆ ಪ್ಯಾರಾದ ಸಾರಾಂಶವನ್ನಾದರೂ ಕೊಡಿ ಎಂದು ಮೂರನೆಯ ಕೋರಿಕೆಯನ್ನು ಮತ್ತೆ ಸಲ್ಲಿಸಿದ್ದೇವೆ.

ಹಳೆಯ ಠಾಣಾಧಿಕಾರಿ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಸಾರಾಂಶ ಕೇಳಿದ್ದು ಸರಿಯಾಯಿತು. ಬರೆಯಲು ಬರುವ ಅಧಿಕಾರಿಯಾದರೆ, ಹೇಳಿದವರ ನೆರಳೂ ಬೀಳದಂತೆ ಒಂದು ಸಾಲಿನಲ್ಲಿ ಬರೆದುಕೊಡಬಹುದು: ಆರೋಪವು ಆಯುಧದ ದುರುಪಯೋಗದ್ದೇ, ಕುಡಿತದ್ದೇ, ಜಾಗದ ತಕರಾರಿನದ್ದೇ ಎಂಬಷ್ಟು. ಹಾಗೆ ಬರೆಯಲು ಸಾಧ್ಯವೇ ಇಲ್ಲದಿದ್ದರೆ, ಆ ಪ್ಯಾರಾವನ್ನು ಆದೇಶಕ್ಕೆ ಆಧಾರವಾಗಿ ಬಳಸಬಾರದೆಂದು ಕೇಳಿಕೊಳ್ಳಿ. ವಿಚಾರಣೆಯ ದಿನಾಂಕ ಯಾವಾಗ?

ಅಡಿಕೆತೋಟ

ಬರುವ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಈ ಸಲ ತಂದೆಯವರೇ ಮಾತನಾಡುತ್ತೇನೆ ಎಂದಿದ್ದಾರೆ.